ಕಾಯುವವರಿಗೊಂದು ಸೂರು

ಆ ಭಾನುವಾರ ಮಧ್ಯಾಹ್ನ ಡಲ್ಲಾಸ್ ಪಕ್ಕದ ಇರ್ವಿಂಗಿನ ನಮ್ಮ ಮನೆಯ ಹಾಲಿನಲ್ಲಿ ಇದ್ದವರು ಐದೇ ಜನ. ಸೋಫಾದ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಧಾರವಾಡದ ಡಾಕ್ಟರಕ್ಕ. ಊಟ ಮುಗಿಸಿ ಕಣ್ಣು ಎಳೆಯುತ್ತಿದ್ದ ನಮ್ಮ ಮನೆಯವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಕಾರ್ಪೆಟ್ಟಿನ ಮೇಲೆ, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು. ಐದನೆಯವರು ಅವರು. ಮೊಣಕಾಲು ಜೋಡಿಸಿ, ಬೆನ್ನು ನೆಟ್ಟಗೆ ಇಟ್ಟುಕೊಂಡು, ಊಟದ ಮೇಜಿನ ಗಟ್ಟಿ ಕುರ್ಚಿಯೊಂದನ್ನು ತಾವೇ ಎಳೆದು ತಂದು ಕೂತಿದ್ದರು. ತೊಡೆಯ ಮೇಲೆ ರೂಲು ಹಾಕಿದ ದಪ್ಪ ನೋಟ್‌ಪುಸ್ತಕ.

ಇದಕ್ಕೆ ನಾವು ಓದುಗರ ಕೂಟ ಎಂದು ಹೆಸರಿಟ್ಟಿದ್ದೆವು. ನಿಜ ಹೇಳಬೇಕೆಂದರೆ ತಿಂಗಳಿಗೊಮ್ಮೆ ಒಟ್ಟಿಗೆ ಕೂತು ಬಿಸಿಬೇಳೆಭಾತ್ ತಿನ್ನಲು ಅದೊಂದು ನೆವ. ಆವತ್ತು ಓದುವ ಸರದಿ ಅವರದು. ಕನ್ನಡಕ ಸರಿಮಾಡಿಕೊಂಡು ಶುರುಮಾಡಿದರು.

"ಪ್ಲಾಟ್‌ಫಾರ್ಮಿನ ಕಲ್ಲುಗಳು ಹೊಳೆಯಿಂದ ಬಂದವು. ಮನೆಗೆ ಇಷ್ಟು ಬುಟ್ಟಿ ಎಂದು ಊರವರೇ ಹಂಚಿಕೊಂಡು ಹೊತ್ತರು. ಉತ್ತರದ ತುದಿ ಇಂದಿಗೂ ಒಂದು ಗೇಣು ತಗ್ಗಿದೆ. ಆ ಪಾಲು ಹೊತ್ತ ಮನೆಯವರು ಮದುವೆಯೊಂದರಲ್ಲಿ ಮುನಿಸಿಕೊಂಡಿದ್ದರಿಂದ ಕಲ್ಲು ಕಡಿಮೆ ತಂದರು."

ಡಾಕ್ಟರಕ್ಕ ತಡೆದರು. "ಅಲ್ರೀ, ಜಪಾನ್ ಅಂದ್ರ ಬುಲೆಟ್ ಟ್ರೇನಿನ ಸುದ್ದಿ ಹೇಳ್ತೀರಿ ಅನ್ಕೊಂಡಿದ್ದೆ. ಇದೇನ್ರೀ, ನಮ್ಮ ಕಡೀ ಮದವಿ ಜಗಳ ಇದ್ದಂಗ ಅದ!"

"ಜಗಳ ಮಾತ್ರ ಎಲ್ಲಾ ಕಡೆ ಒಂದೇ ಸ್ಪೀಡು ಡಾಕ್ಟ್ರೇ" ಎಂದು ಅವರು ನಗದೆ ಹೇಳಿ ಪುಟ ತಿರುಗಿಸಿದರು.

ಅವರ ಹೆಸರು ಬರೆಯುವುದಿಲ್ಲ. ಇಲ್ಲಿ ಎಲ್ಲರೂ ಅವರನ್ನು ಸ್ಟೇಷನ್ ಅಂಕಲ್ ಎನ್ನುತ್ತಿದ್ದೆವು. ಅವರು ಯಾವ ಸ್ಟೇಷನ್ನಿನಲ್ಲೂ ಕೆಲಸ ಮಾಡಿದವರಲ್ಲ. ಬೆಂಗಳೂರಿನ ಒಂದು ಯಂತ್ರದ ಕಾರ್ಖಾನೆ, ಮದುವೆಗೆ ಮುಂಚೆ, ಎರಡು ವರ್ಷದ ತರಬೇತಿಗೆಂದು ಅವರನ್ನು ಜಪಾನಿಗೆ ಕಳಿಸಿತ್ತು. ಎರಡು ಹೋಗಿ ಏಳಾಯಿತು. ಗುಡ್ಡಗಳ ನಡುವಿನ ಹಳ್ಳಿಯಲ್ಲಿ ಬಾಡಿಗೆ ಕೋಣೆ, ನಾಲ್ಕು ಸ್ಟೇಷನ್ ಆಚೆ ಕಾರ್ಖಾನೆ, ಹೋಗಿಬರಲು ಒಂದೇ ಬೋಗಿಯ ಡೀಸೆಲ್ ರೈಲು. ಆಮೇಲೆ ಡಲ್ಲಾಸಿಗೆ ಬಂದು, ದುಡಿದು, ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ನಮ್ಮ ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಮಗ ಆಸ್ಟಿನ್ನಿನಲ್ಲಿ, ಮಗಳು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ. ಅಷ್ಟೆಲ್ಲ ಆದಮೇಲೂ ಮನುಷ್ಯ ಆ ಹಳ್ಳಿಯ ಸ್ಟೇಷನ್ನಿನಿಂದ ಇಳಿದು ಹೊರಗೆ ಬಂದಿರಲಿಲ್ಲ ಎಂದೇ ನನಗನ್ನಿಸುತ್ತಿತ್ತು.

ಜಪಾನಿನ ರೈಲಿನವರು ಸಿಗ್ನಲ್ಲಿಗೆ ಬೆರಳು ತೋರಿಸಿ, ಬಾಯಿಬಿಟ್ಟು ಹೇಳಿ, ಆಮೇಲೆ ಮುಂದಕ್ಕೆ ಹೋಗುತ್ತಾರಂತೆ. ಕಣ್ಣು ಮರೆತದ್ದನ್ನು ಬಾಯಿಯಾದರೂ ನೆನಪಿಟ್ಟುಕೊಳ್ಳಲಿ ಎಂದು. ಆ ಅಭ್ಯಾಸ ಇವರಿಗೆ ಅಂಟಿಕೊಂಡಿತ್ತು. ನಮ್ಮ ಕಾರಿನಲ್ಲಿ ಮುಂದೆ ಕೂತರೆ ಪ್ರತಿ ಕ್ರಾಸಿನಲ್ಲೂ ತೋರುಬೆರಳು ಚಾಚಿ "ಸಿಗ್ನಲ್ ಹಸಿರು!" ಎನ್ನುವರು. ಹಿಂದಿನಿಂದ ನನ್ನ ಮಗಳು "ಅಂಕಲ್, ವಿ ಕ್ಯಾನ್ ಸೀ!" ಎಂದು ಕಿರುಚುವಳು. ನಮ್ಮ ಮನೆಯಿಂದ ಹೊರಡುವಾಗ ಅಡಿಗೆಮನೆಗೆ ಇಣುಕಿ ಒಲೆಗೆ ಬೆರಳು ತೋರಿಸಿ "ಗ್ಯಾಸ್ ಆರಿದೆ!" ಎಂದು ಹೇಳಿಯೇ ಚಪ್ಪಲಿ ಮೆಟ್ಟುವರು. ನಮ್ಮದು ಕರೆಂಟಿನ ಒಲೆ ಎಂದು ಎಷ್ಟು ಸಲ ಹೇಳಿದರೂ ಅಷ್ಟೇ.

"ಆರಿದೆ ತಾನೆ? ಹಾಗಾದ್ರೆ ನಾನು ಹೇಳಿದ್ರಲ್ಲಿ ತಪ್ಪೇನಿದೆ?" ಎನ್ನುವರು.

ಹನ್ನೊಂದು ಗಂಟೆಗೆ ಬನ್ನಿ ಎಂದರೆ ಹನ್ನೊಂದಕ್ಕೆ ನಾಲ್ಕು ನಿಮಿಷವಿರುವಾಗ ನಮ್ಮ ಗ್ಯಾರೇಜಿನ ಮುಂದೆ ಬಂದು ನಿಲ್ಲುವರು. ಬೆಲ್ ಒತ್ತುವುದು ಹನ್ನೊಂದಕ್ಕೇ. ಜುಲೈ ತಿಂಗಳ ಟೆಕ್ಸಾಸ್ ಬಿಸಿಲಿನಲ್ಲಿ, ಯಾರೂ ನಡೆಯದ ಬೀದಿಯಲ್ಲಿ, ಕಪ್ಪು ಕೊಡೆ ಹಿಡಿದು ನಿಂತ ಮುದುಕರನ್ನು ನೋಡಿ ಎದುರುಮನೆಯಾಕೆ ಒಮ್ಮೆ ಗಾಬರಿಯಾಗಿ ನನಗೆ ಫೋನ್ ಮಾಡಿದ್ದಳು. ಒಳಗೆ ಬರಬಾರದಾ ಅಂಕಲ್ ಎಂದರೆ, "ಬೇಗ ಬರೋದೂ ಲೇಟಾಗಿ ಬಂದ ಹಾಗೇ ಅಮ್ಮಾ, ನಿಮಗೆ ತೊಂದರೆ" ಎಂದರು.

ಅವರು ಬರೆಯುತ್ತಿದ್ದದ್ದು ಆ ಸ್ಟೇಷನ್ನಿನ ಚರಿತ್ರೆ, ಕನ್ನಡದಲ್ಲಿ. ಯಾಕೆ ಎಂದು ಡಾಕ್ಟರಕ್ಕನೇ ಕೇಳಿದ್ದರು. "ಕನ್ನಡದಾಗ ಬರದ್ರ ಆ ಊರಾಗ ಯಾರು ಓದ್ತಾರ್ರೀ?"

"ಜಪಾನೀಸು ಮಾತಾಡ್ತೀನಿ, ಕಾಗದ ಬರೀತೀನಿ, ಪುಸ್ತಕ ಬರೆಯೋ ಅಷ್ಟು ಬರಲ್ಲ. ಇಂಗ್ಲಿಷ್‌ನಲ್ಲಿ ಬರೆದ್ರೆ ಆಫೀಸ್ ರಿಪೋರ್ಟ್ ಆಗತ್ತೆ. ನೀವು ನಾಲ್ಕು ಜನ ಓದೋರು ಇದ್ದೀರಲ್ಲ ಡಾಕ್ಟ್ರೇ, ಆ ಊರಿನಲ್ಲಿ ಈಗ ಅದಕ್ಕಿಂತ ಬಹಳ ಜನ ಏನೂ ಉಳಿದಿಲ್ಲ."

ಬರೆಯುವುದರಲ್ಲೂ ಅವರದೊಂದು ಕಟ್ಟುನಿಟ್ಟು ಇತ್ತು. ಒಬ್ಬರ ಬಾಯಿಂದ ಕೇಳಿದ್ದನ್ನು ಪೆನ್ಸಿಲ್ಲಿನಲ್ಲಿ ಬರೆಯುವರು. ಇನ್ನೊಬ್ಬರು, ಮೊದಲನೆಯವರ ಮಾತು ಗೊತ್ತಿಲ್ಲದೆ, ಅದನ್ನೇ ಹೇಳಿದರೆ ಮಾತ್ರ ಪೆನ್ನು ತೆಗೆದು ಅದರ ಮೇಲೆ ಶಾಯಿ ತಿದ್ದುವರು. ಹೊಳೆಯ ಕಲ್ಲು ಶಾಯಿಯಲ್ಲಿತ್ತು. ಮದುವೆಯ ಜಗಳವೂ ಶಾಯಿ. ಅದನ್ನು ಎರಡೂ ಮನೆಯವರು ಹೇಳಿದ್ದರಂತೆ, ತಪ್ಪು ಮಾತ್ರ ಇನ್ನೊಬ್ಬರದು ಎಂದು. ಯುದ್ಧದ ಕಾಲದಲ್ಲಿ ಸ್ಟೇಷನ್ನಿನ ಗಂಟೆಯನ್ನು ಕರಗಿಸಲು ಒಯ್ದರು, ಮತ್ತೆ ಗಂಟೆ ಬರುವವರೆಗೆ ಹೆಂಗಸರು ಅಡಿಗೆಪಾತ್ರೆಯ ಮುಚ್ಚಳ ಬಡಿದು ರೈಲು ಬಂತೆಂದು ಹೇಳುತ್ತಿದ್ದರು. ಇದು ಶಾಯಿ. ಗುಡ್ಡದ ಮರ ಕಡಿದು ಸಾಗಿಸುವ ಕಾಲದಲ್ಲಿ ಅಲ್ಲಿ ಐದು ಜನ ನೌಕರರಿದ್ದರು, ಆಮೇಲೆ ಇಬ್ಬರು, ಆಮೇಲೆ ಒಬ್ಬರೇ ಸ್ಟೇಷನ್ ಮಾಸ್ಟರು, ಆಮೇಲೆ ಯಾರೂ ಇಲ್ಲ. ಇದೂ ಶಾಯಿ.

ಆ ಕೊನೆಯ ಸ್ಟೇಷನ್ ಮಾಸ್ಟರನ್ನು ಇವರು ಕಂಡಿದ್ದರು. ಆತ ನಿವೃತ್ತನಾದ ಮೇಲೆ ರೈಲಿನವರು ಬೇರೆಯವರನ್ನು ಕಳಿಸಲಿಲ್ಲ. ಊರಿನ ಹೆಂಗಸರು ಸರದಿಯ ಮೇಲೆ ಗುಡಿಸತೊಡಗಿದರು. ಒಂದು ಮರದ ಹಲಗೆ ಇತ್ತಂತೆ. ಗುಡಿಸಿದವರು ಅದನ್ನು ಒಯ್ದು ಪಕ್ಕದ ಮನೆಯ ಬಾಗಿಲಿಗೆ ತೂಗುಹಾಕಬೇಕು. ನಾಳೆ ಆ ಮನೆಯ ಸರದಿ. ಬಾಡಿಗೆ ಕೋಣೆಯ ಬ್ರಹ್ಮಚಾರಿಯಾಗಿದ್ದ ಇವರ ಬಾಗಿಲಿಗೆ ಮೊದಲ ವರ್ಷ ಹಲಗೆ ಬರಲಿಲ್ಲ. ಎರಡನೆಯ ವರ್ಷದ ಚಳಿಗಾಲದ ಒಂದು ಬೆಳಿಗ್ಗೆ ನೋಡಿದರೆ, ತೂಗುತ್ತಿದೆ.

"ಮದುವೆ ಗೊತ್ತಾದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲಮ್ಮಾ. ನಮ್ಮವಳಿಗೂ ಹೇಳಿದೀನಿ ಇದನ್ನ, ಎರಡು ದಿನ ಮಾತು ಬಿಟ್ಟಿದ್ಳು."

ಕಾಯುವ ಕೋಣೆಯಲ್ಲಿ, ಬಂದವರು ಏನಾದರೂ ಬರೆದುಹೋಗಲೆಂದು ಒಂದು ಪುಸ್ತಕ ಇಟ್ಟಿರುತ್ತಿದ್ದರು. ಇವರು ಅದರಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದರು. ಏನು ಬರೆದಿರಿ ಎಂದರೆ "ಚಳಿ ಅಂತ ಬರೆದೆ, ಇನ್ನೇನು" ಎಂದರು. ಮರುವಾರ ಯಾರೋ ಕೆಳಗೆ ಬರೆದಿದ್ದರು: ಇದು ಬರಹವೋ ಚಿತ್ರವೋ? ಅದರ ಕೆಳಗೆ ಸ್ಟೇಷನ್ ಮಾಸ್ಟರರ ಹೆಂಡತಿ ಒಂದು ಚೀಟಿ ಅಂಟಿಸಿದ್ದಳು: ನಮ್ಮ ಊರಿನ ಭಾರತದವರ ಅಕ್ಷರ ಇದು, ದಯವಿಟ್ಟು ಗೀಚಬೇಡಿ. ನಮ್ಮ ಊರಿನ ಎಂಬ ಮಾತನ್ನು ಅವರು ನಮಗೆ ಎರಡು ಸಲ ಓದಿ ಹೇಳಿದರು.

ಆ ಹೆಂಡತಿ ಈಗ ತೊಂಬತ್ತು ದಾಟಿದ ಅಜ್ಜಿ. ಕಿವಿ ಕೇಳಿಸದು, ಹಾಗಾಗಿ ಫೋನಿಲ್ಲ. ಇಬ್ಬರದೂ ಕಾಗದದ ವ್ಯವಹಾರ. ಇವರಿಗೆ ಓದಲು ಸುಲಭವಾಗಲೆಂದು ಚಿಕ್ಕ ಮಕ್ಕಳಿಗೆ ಬರೆಯುವಂತೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದಳು. ಚರಿತ್ರೆಯ ಅರ್ಧ ಶಾಯಿ ಆಕೆಯದೇ.

ಆದರೆ ಎಲ್ಲಕ್ಕಿಂತ ಮೊದಲ ಪುಟದ ಒಂದು ವಾಕ್ಯ ಮಾತ್ರ ಪೆನ್ಸಿಲ್ಲಿನಲ್ಲೇ ಉಳಿದಿತ್ತು. ಸ್ಟೇಷನ್ನಿನ ಜಾಗ ರೈಲಿನವರಿಗೆ ಬಂದದ್ದು ಹೇಗೆ ಎಂಬುದು. ನಿವೃತ್ತನಾದ ದಿನ ಸ್ಟೇಷನ್ ಮಾಸ್ಟರು ಇವರೊಬ್ಬರ ಮುಂದೆ ಕುಡಿದ ಬಾಯಲ್ಲಿ ಹೇಳಿದ್ದನಂತೆ. ಊರಿನ ಒಂದು ಮನೆಯವರು ಗದ್ದೆಯನ್ನು ಪುಕ್ಕಟೆ ಬಿಟ್ಟುಕೊಟ್ಟರು. ಅವರು ಕೇಳಿದ್ದು ಒಂದೇ ಮಾತು: ರೈಲು ಬರಲಿ ಬಿಡಲಿ, ಕಾಯುವವರಿಗೆ ಇಲ್ಲಿ ಯಾವತ್ತೂ ಒಂದು ಸೂರು ಇರಬೇಕು. ಕಾಗದ ಪತ್ರ ಏನೂ ಇಲ್ಲ, ಬಾಯಿಮಾತು. ಹೆಂಡತಿಗೂ ಆತ ಇದನ್ನು ಹೇಳಿರಲಿಲ್ಲ. ಆತ ಹೋದಮೇಲೆ ಇವರಿಗೆ ಇನ್ನೊಂದು ಬಾಯಿ ಸಿಗಲಿಲ್ಲ.

"ಅಜ್ಜಿಗೆ ಬರೆದು ಕೇಳಬಾರದಾ, ಆ ಮನೆಯವರನ್ನ ವಿಚಾರಿಸಿ ಅಂತ?" ಎಂದೆ ನಾನು.

"ಕೇಳಿದ್ರೆ ಹೌದು ಅಂತಾರೆ. ನನ್ನ ಮನಸ್ಸು ನೋಯಿಸಬಾರದು ಅಂತ. ಅದು ಸಾಕ್ಷಿ ಆಗಲ್ಲ. ಅವರೇ ತಾವಾಗಿ ಹೇಳಬೇಕು."

ಇನ್ನು ನನ್ನ ಮನೆಯ ಸರಸ್ವತಿ ಪೂಜೆಯ ವಿಷಯಕ್ಕೆ ಬರಬೇಕು.

ನಾನು ಭಾನುವಾರದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಮೈಸೂರಿನಲ್ಲಿ ನನ್ನ ಅಜ್ಜಿ ಮಾಡುತ್ತಿದ್ದ ಹಾಗೆ ನವರಾತ್ರಿಯ ಸಪ್ತಮಿಗೆ ಪುಸ್ತಕಗಳನ್ನು ಜೋಡಿಸಿ ಪೂಜೆಗೆ ಇಟ್ಟರೆ ದಶಮಿಯ ಬೆಳಿಗ್ಗೆ ವಿಸರ್ಜನೆ ಆಗುವವರೆಗೆ ತೆಗೆಯುವುದಿಲ್ಲ, ಓದುವುದಿಲ್ಲ. ಸ್ಟೇಷನ್ ಅಂಕಲ್ ಅವರ ಹೆಂಡತಿ ಬದುಕಿದ್ದಾಗ ಆ ನೋಟ್‌ಪುಸ್ತಕವನ್ನೂ ತಮ್ಮ ಮನೆಯ ಪೂಜೆಗೆ ಇಡುತ್ತಿದ್ದರಂತೆ. ಆಕೆ ಹೋದಮೇಲೆ ಅವರು ಪೂಜೆ ಗೀಜೆ ಎಲ್ಲ ಬಿಟ್ಟರು, ಇದೊಂದನ್ನು ಬಿಡಲಿಲ್ಲ. ಪ್ರತಿ ವರ್ಷ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಡುವರು. "ಅವಳು ಇಡ್ತಿದ್ಳು. ನೀವೂ ಇಡಿ."

ಆ ವರ್ಷ ಷಷ್ಠಿಯ ದಿನ ಪುಸ್ತಕ ಕೊಟ್ಟು, ಜೊತೆಗೆ ತಮ್ಮ ಅಂಚೆ ಡಬ್ಬಿಯ ಬೀಗದ ಕೈಯನ್ನೂ ಕೊಟ್ಟು, ಆಸ್ಟಿನ್ನಿಗೆ ಮಗನ ಮನೆಗೆ ಹೋದರು. ದಶಮಿಗೆ ವಾಪಸು ಬರುವುದೆಂದು ಮಾತು. ಸಪ್ತಮಿಯ ಮಧ್ಯಾಹ್ನ ಡಬ್ಬಿ ತೆಗೆದರೆ, ಪಿಜ್ಜಾದ ಜಾಹೀರಾತುಗಳ ನಡುವೆ ಜಪಾನಿನ ಲಕೋಟೆ. ದಪ್ಪ ಲಕೋಟೆ, ಅಜ್ಜಿಯ ದೊಡ್ಡ ಅಕ್ಷರ. ಪ್ರತಿ ವರ್ಷ ಈ ದಿನಗಳಲ್ಲಿ ಆಕೆ ಸ್ಟೇಷನ್ನಿನ ಫೋಟೋಗಳನ್ನು ಕಳಿಸುವುದಿತ್ತು. ಅದೇ ಇರಬೇಕೆಂದುಕೊಂಡೆ. ದೀಪ ಇನ್ನೂ ಉರಿಯುತ್ತಿತ್ತು. ಲಕೋಟೆಗೆ ಕುಂಕುಮ ಹಚ್ಚಿ, ನೋಟ್‌ಪುಸ್ತಕದ ಮೇಲೆ ಇಟ್ಟು, ಒಂದು ಸೇವಂತಿಗೆ ಏರಿಸಿದೆ. ಎಷ್ಟು ಸರಿಯಾದ ದಿನಕ್ಕೆ ಬಂತು ನೋಡಿ ಎಂದು ನಮ್ಮ ಮನೆಯವರಿಗೆ ಹೇಳಿದ್ದೂ ನೆನಪಿದೆ.

ಸಂಜೆ ಅವರು ಫೋನ್ ಮಾಡಿದರು. "ಪೋಸ್ಟ್ ಏನಾದ್ರೂ ಬಂತಾ ಟೀಚರ್?"

"ಬಂದಿದೆ ಅಂಕಲ್, ನಿಮ್ಮ ಅಜ್ಜಿದು. ಸರಸ್ವತಿ ಹತ್ರ ಇಟ್ಟಿದೀನಿ."

"ಓಹೋ. ಒಡೆದು ಒಂದು ಫೋಟೋ ತೆಗೆದು ಕಳಿಸ್ತೀರಾ?"

"ಏನ್ ಅಂಕಲ್ ನೀವು! ಪೂಜೆಗೆ ಇಟ್ಟಿದ್ದನ್ನ ತೆಗೀತಾರಾ? ಮೂರೇ ದಿನ, ತಡ್ಕೊಳಿ."

ಅವರು ನಕ್ಕರು. "ಸರಿ ಸರಿ. ಟೀಚರ್ ಹೇಳಿದ್ಮೇಲೆ ಆಯ್ತು."

ನವಮಿಯ ಸಂಜೆ ನಮ್ಮ ಮನೆ ತುಂಬ ಹೆಂಗಸರು. ಅರಿಶಿನ ಕುಂಕುಮ, ಕಡಲೆಕಾಳು ಉಸಲಿ, ರೇಷ್ಮೆ ಸೀರೆಗಳ ಸರಬರ. ಎಂಟು ಗಂಟೆಗೆ ಆರತಿ ಎತ್ತಿದೆವು. ಡಾಕ್ಟರಕ್ಕ ಹಾಡಿದರು.

ದಶಮಿಯ ಮಧ್ಯಾಹ್ನ ಅವರು ಆಸ್ಟಿನ್ನಿನಿಂದ ಬಸ್ಸಿನಲ್ಲಿ ಬಂದರು. ನಮ್ಮ ಮನೆಯವರು ಹೋಗಿ ಕರೆದುಕೊಂಡು ಬಂದರು. ವಿಸರ್ಜನೆ ಬೆಳಿಗ್ಗೆಯೇ ಆಗಿತ್ತು. ಆ ದಿನ ಎಲ್ಲರೂ ತಮ್ಮ ಪುಸ್ತಕ ತೆಗೆದು ಒಂದಿಷ್ಟು ಓದಬೇಕೆಂಬ ಪದ್ಧತಿ. ಅವರು ಲಕೋಟೆಯನ್ನೇ ಓದುತ್ತೇನೆ ಎಂದರು. ಕುಂಕುಮ ಕೊಡವಿ, ಚಾಕುವಿನಿಂದ ನೀಟಾಗಿ ಸೀಳಿ, ನಮ್ಮ ಮುಂದೆ ಗಟ್ಟಿಯಾಗಿ ಜಪಾನೀಸಿನಲ್ಲಿ ಓದತೊಡಗಿದರು. ನನ್ನ ಮಗಳು ಕಿಸಕ್ಕೆಂದಳು. ಡಾಕ್ಟರಕ್ಕ "ಕನ್ನಡದಾಗ ಹೇಳ್ರೀ" ಎಂದರು. ಎರಡನೆಯ ಹಾಳೆಗೆ ಬರುವಷ್ಟರಲ್ಲಿ ಅವರ ದನಿ ನಿಂತಿತು. ಉಳಿದದ್ದನ್ನು ಮನಸ್ಸಿನಲ್ಲೇ ಓದಿದರು. ಮೊದಲಿಂದ ಇನ್ನೊಮ್ಮೆ ಓದಿದರು.

"ನಿನ್ನೆ ಸಂಜೆ ಎಂಟು ಗಂಟೆಗೆ ನಾನು ಏನ್ ಮಾಡ್ತಿದ್ದೆ?" ಎಂದು ಕೇಳಿದರು. ನಮ್ಮನ್ನಲ್ಲ. ತಾವೇ, "ಮೊಮ್ಮಗನಿಗೆ ನೂಡಲ್ಸ್ ಮಾಡಿಕೊಡ್ತಿದ್ದೆ" ಎಂದರು.

ಆಮೇಲೆ ಕನ್ನಡದಲ್ಲಿ ಹೇಳಿದರು. ಮುಂದಿನ ವಸಂತದಿಂದ ಆ ದಾರಿಯಲ್ಲಿ ರೈಲು ಇಲ್ಲ. ಅದು ಮೊದಲೇ ತೀರ್ಮಾನವಾದದ್ದು. ಸ್ಟೇಷನ್ನಿನ ಕಟ್ಟಡ ಉಳಿಸುವುದೋ ಕೆಡವುವುದೋ ಎಂದು ಊರಿನ ಸಮುದಾಯ ಭವನದಲ್ಲಿ ಒಂದು ಸಭೆ. ಗದ್ದೆ ಬಿಟ್ಟುಕೊಟ್ಟ ಮನೆಯ ಮುದುಕ, ಎಂಬತ್ತೆಂಟು ವರ್ಷದವನು, ಇದ್ದಕ್ಕಿದ್ದ ಹಾಗೆ ಬಾಯಿಬಿಟ್ಟಿದ್ದಾನೆ: ನನ್ನ ಅಪ್ಪ ಒಂದು ಮಾತು ಹೇಳಿದ್ದ, ಜಾಗ ಕೊಡುವಾಗ ನಾವು ಒಂದು ಷರತ್ತು ಹಾಕಿದ್ದೆವು, ಅದನ್ನು ಸಭೆಯಲ್ಲಿ ಹೇಳುತ್ತೇನೆ, ಅದಕ್ಕೆ ಮುಂಚೆ ಯಾರಿಗೂ ಹೇಳುವುದಿಲ್ಲ ಎಂದು. ಮುದುಕನಿಗೆ ಅರಳುಮರಳು ಎಂದು ಜನ ನಗುತ್ತಿದ್ದಾರೆ. ಅಜ್ಜಿ ಮುಂದೆ ಬರೆದಿದ್ದಳು: ನನ್ನ ಗಂಡ ನಿಮಗೆ ಬಹಳ ಸಂಗತಿ ಹೇಳುತ್ತಿದ್ದರಲ್ಲ, ಈ ಜಾಗದ ಬಗ್ಗೆ ಏನಾದರೂ ಹೇಳಿದ್ದರೆ ದಯವಿಟ್ಟು ಸಭೆಗೆ ಫೋನ್ ಮಾಡಿ. ನಂಬರು ಇದು. ಎಲ್ಲರಿಗೂ ಕೇಳಿಸುವ ಹಾಗೆ ಇಡುತ್ತೇವೆ. ಮೊದಲು ನೀವು ಹೇಳಿ, ಆಮೇಲೆ ಅವನು ಹೇಳಲಿ. ಎರಡೂ ಒಂದೇ ಆದರೆ ಅಧಿಕಾರಿಗಳು ಒಪ್ಪುತ್ತಾರೆ. ಸಭೆ ಇಲ್ಲಿನ ಬೆಳಿಗ್ಗೆ ಹತ್ತು ಗಂಟೆಗೆ. ನಿಮ್ಮ ಕಡೆ ಹಿಂದಿನ ದಿನದ ಸಂಜೆ ಎಂಟು ಎಂದು ನನ್ನ ಮೊಮ್ಮಗಳು ಲೆಕ್ಕ ಹಾಕಿ ಹೇಳಿದ್ದಾಳೆ. ನಾವು ಕಾಯುತ್ತೇವೆ.

ನನ್ನ ಮಗಳಿಗೂ ಅರ್ಥವಾಗಿತ್ತು. "ಕಾಲ್ ದೆಮ್ ನೌ, ಅಂಕಲ್" ಎಂದಳು. ಅಲ್ಲಿ ಆಗ ನಡುರಾತ್ರಿ ದಾಟಿತ್ತು.

ಎಲೆಗೆ ಬಡಿಸಿದ್ದನ್ನು ಅವರು ಪೂರ್ತಿ ಊಟ ಮಾಡಿದರು. ಬಿಡುವ ಅಭ್ಯಾಸ ಅವರಿಗಿರಲಿಲ್ಲ. ಸಂಜೆ ಅಲ್ಲಿ ಬೆಳಗಾದ ಮೇಲೆ ನಮ್ಮ ಅಡಿಗೆಮನೆಯಿಂದಲೇ ಫೋನ್ ಮಾಡಿದರು. ಯಾರೋ ಗುಮಾಸ್ತ ಸಿಕ್ಕಿದ. ಮಾತಿಗೊಮ್ಮೆ ಇವರು ಫ್ರಿಜ್ಜಿಗೆ ತಲೆಬಾಗುತ್ತ, ನಿಧಾನವಾಗಿ, ಏನೇನೋ ಹೇಳಿದರು. ಫೋನ್ ಇಟ್ಟು ತಿರುಗಿದರು.

"ಮುಗೀತಂತೆ. ಕೆಡವ್ತಾರಂತೆ."

"ಈಗ ಹೇಳಿದ್ರೆ ನಡೆಯಲ್ವಾ ಅಂಕಲ್?"

"ಹೇಳಿದೆ. ಬರ್ಕೊಂಡ್ರು. ಥ್ಯಾಂಕ್ಸ್ ಅಂದ್ರು. ಬಹಳ ಮರ್ಯಾದಸ್ಥ ಜನ. ಆದ್ರೆ ಆ ಮುದುಕರು ಹೇಳಿ ಆದಮೇಲೆ ನಾನು ಹೇಳಿದ್ರೆ ಏನು ಬಂತಮ್ಮಾ. ಕೇಳಿಸ್ಕೊಂಡು ಹೇಳಿದ ಹಾಗಾಯ್ತು" ಎಂದರು.

ಆವತ್ತು ಒಲೆಗೆ ಬೆರಳು ತೋರಿಸದೆ ಹೊರಟುಹೋದರು.

ಮೂರು ವಾರದ ಮೇಲೆ ಅಜ್ಜಿಯ ಇನ್ನೊಂದು ಕಾಗದ ಬಂತು. ಅದನ್ನು ನನ್ನ ಕೈಗೇ ಕೊಟ್ಟು, ಸಾಲಿಗೆ ಸಾಲು ಕನ್ನಡ ಮಾಡಿ ಹೇಳಿದರು. ಮೇಜಿನ ಮೇಲೆ ಫೋನ್ ಇಟ್ಟುಕೊಂಡು ನಲವತ್ತು ನಿಮಿಷ ಕಾದರಂತೆ. ಅಧಿಕಾರಿಗಳೂ ಕಾದರಂತೆ, ಪಾಪ. ಕೊನೆಗೆ ಮುದುಕ ಎದ್ದು ನಿಂತು ತನ್ನ ಅಪ್ಪನ ಮಾತು ಹೇಳಿದ: ಕಾಯುವವರಿಗೆ ಯಾವತ್ತೂ ಒಂದು ಸೂರು. ಇದಕ್ಕೆ ಇನ್ನಾರಾದರೂ ಸಾಕ್ಷಿ ಇದ್ದಾರೆಯೇ ಎಂದು ಅಧಿಕಾರಿಗಳು ಕೇಳಿದರು. ಮುದುಕ ಮೇಜಿನ ಮೇಲಿನ ಫೋನನ್ನು ನೋಡಿದ. "ನಾನೇ ತಪ್ಪು ತಿಳಿದುಕೊಂಡಿರಬಹುದು" ಎಂದು ಹೇಳಿ ಕೂತುಬಿಟ್ಟ. ಕಾಗದದಲ್ಲಿ ಇವರ ಮೇಲೆ ಒಂದು ಆಕ್ಷೇಪದ ಮಾತೂ ಇರಲಿಲ್ಲ. ನಿಮ್ಮ ಆರೋಗ್ಯ ಸರಿಯಿಲ್ಲವೇನೋ ಎಂದು ನಮಗೆ ಚಿಂತೆಯಾಗಿದೆ, ದಯವಿಟ್ಟು ಬೆಚ್ಚಗಿರಿ ಎಂದಿತ್ತು.

ನಾನು ಅತ್ತೆ. ತಪ್ಪಾಯ್ತು ಅಂಕಲ್ ಎಂದೆ. ಅವರು ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸುತ್ತ, "ಅದನ್ನ ಬಿಡಿ" ಎಂದರು.

ಮುಂದಿನ ಕೂಟದಲ್ಲಿ ಡಾಕ್ಟರಕ್ಕ ನೇರ ಕೇಳಿದರು. "ಅಲ್ರೀ, ಆವತ್ತೇ ಒಡದು ನೋಡಬಾರದಿತ್ತೇನ್ರೀ? ವಾಟ್ಸಾಪಿನಾಗ ಕಳಸಿದ್ರ ಮುಗೀತಿತ್ತಲ್ಲ!"

ನಾನು ಕಾಫಿಯ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನ ಕಡೆ ನೋಡದೆ ಹೇಳಿದರು. "ಟೀಚರ್ ಒಡೀತೀನಿ ಅಂದ್ರು. ನಾನೇ ಬೇಡ ಅಂದೆ."

ಇಬ್ಬರಿಗೇ ಗೊತ್ತಿದ್ದ ಮಾತು ಅದು. ಒಬ್ಬರು ಸುಳ್ಳು ಹೇಳಿದರು, ಇನ್ನೊಬ್ಬಳು ಕಾಫಿ ಕೊಟ್ಟಳು. ಸುಳ್ಳು ಅವರ ಬಾಯಿಂದ ಕೇಳಿದ್ದು ಆಗ ಒಮ್ಮೆ ಮಾತ್ರ.

ಆಮೇಲೆ ಅವರು ಕೂಟದಲ್ಲಿ ಓದಲಿಲ್ಲ. ಬರುತ್ತಿದ್ದರು, ಬೆಲ್ ಸರಿಯಾದ ಹೊತ್ತಿಗೇ ಆಗುತ್ತಿತ್ತು, ಗಟ್ಟಿ ಕುರ್ಚಿಯಲ್ಲೇ ಕೂರುತ್ತಿದ್ದರು. ನಾವು ಯಾವುದಾದರೂ ಕಥೆ ಓದಿದರೆ "ಚೆನ್ನಾಗಿದೆ" ಎನ್ನುವರು. ಕಾರಿನಲ್ಲಿ ಸಿಗ್ನಲ್ ಬಂದರೆ ನನ್ನ ಮಗಳೇ ಹಿಂದಿನಿಂದ "ಸಿಗ್ನಲ್ ಹಸಿರು!" ಎಂದು ಕೂಗಿ ನೋಡಿದಳು. "ಹೌದಮ್ಮಾ" ಎಂದರು, ಅಷ್ಟೇ. ವಸಂತದಲ್ಲಿ ಕಟ್ಟಡ ಕೆಡವಿದ ಸುದ್ದಿ ಬಂತು. ಎರಡೇ ದಿನದ ಕೆಲಸವಂತೆ. ಹೊಳೆಯ ಕಲ್ಲುಗಳನ್ನು ಎಲ್ಲಿಗೆ ಒಯ್ದರೆಂದು ಅಜ್ಜಿಗೆ ಗೊತ್ತಿಲ್ಲವಂತೆ. ಅಜ್ಜಿಯಿಂದ ಬಂದ ಕೊನೆಯ ಕಾಗದ ಅದು. ಮುಂದಿನ ನವರಾತ್ರಿಗೆ ಅವರು ನೋಟ್‌ಪುಸ್ತಕ ತಂದುಕೊಡಲಿಲ್ಲ. ನಾನೂ ಕೇಳಲಿಲ್ಲ.

ಆ ಡಿಸೆಂಬರಿನಲ್ಲಿ ಆಸ್ಟಿನ್ನಿನಲ್ಲಿ, ಮಗನ ಮನೆಯಲ್ಲಿ, ನ್ಯುಮೋನಿಯಾ ಆಗಿ ಹೋದರು. ಅಪಾರ್ಟ್‌ಮೆಂಟ್ ಖಾಲಿ ಮಾಡಲು ಮಗಳು ಮಿಸೌರಿ ಸಿಟಿಯಿಂದ ಬಂದಳು. ಸಹಾಯಕ್ಕೆ ನಾನು ಹೋದೆ. ಹೊತ್ತುಕೊಂಡು ಹೋಗುವಂಥದ್ದು ಬಹಳ ಇರಲಿಲ್ಲ. ಮೇಜಿನ ಡ್ರಾಯರಿನಿಂದ ನೋಟ್‌ಪುಸ್ತಕ ತೆಗೆದು, "ಆಂಟಿ, ಇದು ಅಪ್ಪನ ಸ್ಟೇಷನ್ ಬುಕ್ ಅಲ್ವಾ? ನನಗೆ ಓದೋಕೆ ಬರಲ್ಲ. ಲಾಸ್ಟ್ ಪೇಜ್ ಏನ್ ಬರೆದಿದಾರೆ ಹೇಳ್ತೀರಾ?" ಎಂದಳು.

ಮೊದಲ ಪುಟ ತೆಗೆದು ನೋಡಿದೆ. ಗದ್ದೆಯ ಷರತ್ತಿನ ವಾಕ್ಯ ಪೆನ್ಸಿಲ್ಲಿನಲ್ಲೇ ಇತ್ತು, ಅಳಿಸಿಹೋಗುವಷ್ಟು ತೆಳ್ಳಗಾಗಿತ್ತು. ತಾನೇ ತಪ್ಪು ತಿಳಿದಿರಬಹುದು ಎಂದು ಮುದುಕ ಮಾತು ಹಿಂತೆಗೆದುಕೊಂಡ ಮೇಲೆ ಅದಕ್ಕೆ ಕೊನೆಗೂ ಶಾಯಿ ಬೀಳಲಿಲ್ಲ. ಕೊನೆಯ ಪುಟದಲ್ಲಿ ಶಾಯಿ ಇತ್ತು. ಸಭೆ ಸೇರಿದ್ದು, ಬಂದವರು ಯಾರು ಯಾರು, ಮುದುಕ ಹೇಳಿದ್ದು, ಎಲ್ಲ. ಅದರ ನಡುವೆ ಒಂದು ಸಾಲು: "ಟೆಕ್ಸಾಸಿನಿಂದ ಬರಬೇಕಿದ್ದ ಫೋನು ಬರಲಿಲ್ಲ." ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ "ಕಾರಣ" ಎಂದು ಬರೆದು, ಎರಡು ಚುಕ್ಕೆ ಇಟ್ಟು, ಮುಂದೆ ಜಾಗ ಖಾಲಿ ಬಿಟ್ಟಿದ್ದರು.

ಮಗಳಿಗೆ ಅಷ್ಟನ್ನೂ ಓದಿ ಹೇಳಿದೆ. ಕಾರಣವನ್ನೂ ಹೇಳಿದೆ. ಆಕೆ ಅರ್ಧ ಕೇಳಿಸಿಕೊಂಡಳು. ಕೆಳಗೆ ಟ್ರಕ್ಕಿನವರು ಹಾರ್ನ್ ಮಾಡುತ್ತಿದ್ದರು. "ಇಟ್ಸ್ ಓಕೆ ಆಂಟಿ, ಅಪ್ಪ ಯಾವತ್ತೂ ನಿಮ್ಮ ಮೇಲೆ ಬೇಜಾರು ಅಂತ ಹೇಳಿಲ್ಲ" ಎಂದು ನನ್ನ ಭುಜ ತಟ್ಟಿ, ಪುಸ್ತಕವನ್ನು ಪಾತ್ರೆಗಳ ಪೆಟ್ಟಿಗೆಯಲ್ಲಿ ಮೇಲುಗಡೆ ಇಟ್ಟು ಟೇಪ್ ಹಚ್ಚಿದಳು.

ಹೋದ ಬೇಸಿಗೆಯಲ್ಲಿ ಆಕೆ ಮಕ್ಕಳನ್ನು ಕರೆದುಕೊಂಡು ಜಪಾನ್ ಪ್ರವಾಸಕ್ಕೆ ಹೋದಳು. ಒಂದು ದಿನ ಬಿಡುವು ಮಾಡಿಕೊಂಡು, ಎರಡು ಬಸ್ ಬದಲಾಯಿಸಿ, ಆ ಹಳ್ಳಿಗೂ ಹೋಗಿಬಂದಳು. ಅಲ್ಲಿಂದಲೇ ನನಗೆ ಒಂದು ಫೋಟೋ ಕಳಿಸಿ, "ಮ್ಯಾಪ್ ಇಲ್ಲಿಗೇ ಕರ್ಕೊಂಡು ಬಂತು. ಇದೇ ಜಾಗನಾ ಆಂಟಿ?" ಎಂದು ಕೇಳಿದಳು. ಫೋಟೋದಲ್ಲಿ ಮಳೆ ಬರುತ್ತಿತ್ತು. ಬಿಳಿ ಗೆರೆ ಎಳೆದ ಸಿಮೆಂಟಿನ ಅಂಗಳ, ಅದರ ಮೇಲೆ ಮೂರು ಕಾರು. ಅಂಚಿನಲ್ಲಿ ಬಸ್ ನಿಲ್ಲುವ ಕಂಬದ ಪಕ್ಕ ಆಕೆಯ ಇಬ್ಬರು ಮಕ್ಕಳು ಒಂದೇ ಕೊಡೆಯ ಕೆಳಗೆ ನಿಂತಿದ್ದರು. ನಾನು ಗೊತ್ತಿಲ್ಲಮ್ಮಾ ಎಂದು ಬರೆದೆ.